ನೆಳ್ಳ ಬಿದ್ದಷ್ಟು ಹಸರು

ಹೋಳಿ ಮುಗದ ನಾಕನೇ ದಿನ ಗಾಳಿಗೆ
ನರ್ಸರಿಯ ಹಸರು ಪರದಾ ಹರೀತು,
ಚಿಟಗುಪ್ಪ ರಸ್ತೆ ಕಡೀದು, ಮೂಡಲ ಮೂಲಿ.
ಹನ್ನೊಂದು ಸಾಲಿನ ಮ್ಯಾಲ
ಆಕಾಶ ಒಮ್ಮಿಗೇ ಇಳದು ಕುಂತಂಗಾಯ್ತು.
ಕಸಿ ಕಟ್ಟಿ ಮೂರು ತಿಂಗಳ ದ್ರಾಕ್ಷಿ,
ಕರೀ ಚೀಲದಾಗ, ಮೊಣಕಾಲೆತ್ತರ.
ಒಂದೊಂದಕ್ಕೂ ನಾನೇ ಪಟ್ಟಿ ಸುತ್ತಿದ್ದೆ,
ಮುರದ ಬೆರಳಿಗೆ ಸುತ್ತಿದಂಗ.

ಹತ್ತು ದಿನಕ್ಕ ಬುಡದ ಎಲಿ ಹಳದಿ.
ನರ ಹಸರು, ನರದ ನಡುವಿಂದೆಲ್ಲ
ಕಾಮಾಲಿ ಕಣ್ಣಿನ ಬಣ್ಣ.
ಪರದಾ ಉಳದ ಕಡೀ ಸಾಲು
ನಮಗೇನೂ ಆಗಿಲ್ಲವ್ವ ಅನ್ನೋಹಂಗ ನಿಂತಿದ್ವು.

ಘಾಳೆಪ್ಪ ಸಾವಕಾರ ಬಂದ.
"ರೋಗ," ಅಂದ. "ಕಿತ್ತು ಒಗೀರಿ, ಉಳದವಕ್ಕ ಹತ್ತತದ."
ಲಾಡಮ್ಮ ಬುಟ್ಟಿ ತಂದಳು.
ನಾನು ಒಂದು ಗಿಡದ ಮುಂದ ಕುಂತೆ,
ಮ್ಯಾಲಿನ ಎಲಿ ಎತ್ತಿದೆ.

ಕೆಳಗಿನ ಹಳದಿ ಎಲಿ ಮ್ಯಾಲ ಇನ್ನೊಂದು ಎಲಿ ಇತ್ತು.
ಹಸರಿಂದು.
ಅಂಚಿನ ಹಲ್ಲು ಸೈತ ಎಣಿಸಬೋದಿತ್ತು.
ಯಾರೂ ಬರದದ್ದಲ್ಲ;
ಮ್ಯಾಲಿಂದು ಒರಗಿ ಮಲಗಿತ್ತು, ನೆಳ್ಳ ಬಿದ್ದಷ್ಟು ಹಸರು ಉಳದಿತ್ತು.
ಆಚೀ ಗಿಡದಾಗ ನಂಬರ್ ಚೀಟಿ ಎಲಿಗೆ ಅಂಟಿತ್ತು,
ಬಿಚ್ಚಿದ್ರ ಅದರಡಿ ಹಸರು ಚೌಕ.

ರೋಗ ಚೀಟಿ ನೋಡಿ ಬಿಡ್ತದೇನು, ಸಾವಕಾರ?
ಇದು ಹಸವು.

ಬಿಸಲು ಬಿದ್ರ ಎಲಿ ಅಡಗಿ ಮಾಡ್ತದ,
ಬ್ಯಾಡಂದ್ರೂ ಮಾಡ್ತದ.
ಬೇರಿನ ತನಕ ಒಯ್ದು ಬಡಸೋ ಕೈಗೆ ಬಲ ಇಲ್ಲ,
ಮಣ್ಣಾಗ ಆ ಕಹಿ ಉಪ್ಪು ಇಲ್ಲ.
ಮಾಡಿದ್ದು ಎಲಿಯಾಗೇ ಹಳಸಿ ಎಲಿಯನ್ನೇ ಸುಡ್ತದ.
ನೆಳ್ಳಾಗ ಒಲಿ ಸಣ್ಣ,
ಹಸವು ಅಷ್ಟೇ, ಹೊಗಿ ಕಾಣಂಗಿಲ್ಲ.
ಹೋದ ವರ್ಷ ಬಂದ ಕೃಷಿ ಕಾಲೇಜಿನ ಹುಡುಗಿ ಹಿಂಗ ಹೇಳಿದಳು.
ಅವತ್ತು ಅರ್ಧ ತಿಳದಿತ್ತು.

ಸಾವಕಾರ ಗದ್ದ ಕೆರಕೊಂಡ.
"ಹಂಗಾದ್ರ ಪರದಾ ಹೊಲಿ.
ಶುಕ್ರವಾರ ಆಳಂದದ ಗಿರಾಕಿ ಬರ್ತಾರ.
ಅವರ ಹೊಲಕ್ಕ ಹೋದಮ್ಯಾಲ ಅವರ ಬಿಸಲು, ಅವರ ಹಣಿಬರ."

ಅಪ್ಪ ಬಿದ್ರಿ ಕೆಲಸದಾಂವ.
ಕಿಲ್ಲಾದೊಳಗಿನ ಮಣ್ಣು ತರ್ತಿದ್ದ, ಸೂರ್ಯ ಕಾಣದ ಮೂಲೀದು,
ನಾಲಿಗಿ ಮ್ಯಾಲಿಟ್ಟು ಕಣ್ಣು ಮುಚ್ತಿದ್ದ.
ಬಿಸಲುಂಡ ಮಣ್ಣು ಕಪ್ಪು ಕೊಡಂಗಿಲ್ಲ, ಅಂತಿದ್ದ.
ನಾನೂ ಚೀಲದ ಮಣ್ಣು ಚಿವುಟಿ ಬಾಯಿಗಿಟ್ಟೆ.
ಕೆಂಪು ಮುರುಮು.
ಏನೂ ರುಚಿ ಇಲ್ಲ, ಏನಂದ್ರ ಏನೂ.
ಎರಡೂ ಕಡೀ ಚೀಲ ತುಂಬಿದ್ದು ಇದೇ ಗುಡ್ಡಿಯಿಂದ,
ಇದೇ ಕೈಲೇ.

ಮಧ್ಯಾಹ್ನ ಆಶಾ ಬಾಯಿ ಬಂದಳು, ರಕ್ತದ ಗುಳಿಗಿ ಹಿಡಕೊಂಡು.
ಗ್ವಾಡಿ ನೆಳ್ಳಾಗ ಕುಂತ ಲಾಡಮ್ಮಗ
"ಬೆಳಕಿಗೆ ಬಾ ಸ್ವಲ್ಪ," ಅಂದಳು,
ಕೆಳಗಿನ ರೆಪ್ಪಿ ಜಗ್ಗಿ ನೋಡಿದಳು.
ಜ್ವಾಳದ ಹಿಟ್ಟಿನಷ್ಟು ಬಿಳಪು.
"ಅಲ್ಲಿ ಛಲೋ ಇದ್ದೆನವ್ವ,
ಇಲ್ಲಿಗೆ ಕರದು ಬ್ಯಾನಿ ಹಚ್ಚಿದಿ," ಅಂತ ಲಾಡಮ್ಮ ನಕ್ಕಳು.
ಬುತ್ತಿ ತಂದೀನಿ ಅಂತಾಳ ದಿನಾ.
ಬಿಚ್ಚಿದ್ದು ನಾನು ನೋಡಿಲ್ಲ.

ಸಂಜಿಗೆ ಪರದಾದೊಳಗಿನ ಹಸರು ಗಿಡ ಒಂದನ್ನ
ಎತ್ತಿ ತಂದು ಬಾಗಲ ಮುಂದ, ಬೈಲಾಗ ಇಟ್ಟೆ,
ಸಾವಕಾರನ ಕಾಲಿಗೆ ಎಡವೋಹಂಗ.
ಬಕೀಟಿನ್ಯಾಗ ಕಹಿ ಉಪ್ಪು ಕಲಸಿ
ಹಳದಿ ಸಾಲಿಗೆಲ್ಲ ಹೊಡದೆ, ಬೆರಳು ನೆಕ್ಕಿದೆ.
ಹೋದ ಎಲಿ ತಿರುಗಿ ಬರಂಗಿಲ್ಲ, ಗೊತ್ತದ.
ತುದಿ ಏನು ಮಾಡ್ತದೋ ನೋಡೋಣು.

ಗುರುವಾರ ಸಾವಕಾರ ಕೂಗಿದ,
"ಹೊಲದಿಯೇನು?"
"ಸೂಜಿ ಎಲ್ಲೋ ಬಿದ್ದದ್ರೀ," ಅಂದೆ.
ಸೂಜಿ ನನ್ನ ಸೆರಗಿನ್ಯಾಗೇ ಇತ್ತು,
ಬಿಸಲಿಗೆ ಮಿಣಮಿಣ ಅನಕೋತ.