ಎರಡನೇ ಜ್ವರ

ಮೊಟ್ಟೆ ತರುವುದನ್ನು ನಮ್ಮ ಕಡೆ ಬಿಟ್ಟು ಬಹಳ ವರ್ಷವಾಯಿತು.
ಚಾಕಿ ಮನೆಯಿಂದ
ಎರಡನೇ ಜ್ವರ ದಾಟಿದ ಹುಳುವನ್ನೇ ತರುತ್ತಾರೆ, ಟ್ರೇ ಲೆಕ್ಕದಲ್ಲಿ,
ಬೆಳಗಿನ ತಂಪಿಗೆ, ಒದ್ದೆ ಗೋಣಿ ಹೊದಿಸಿ.
ಸಾಯುವುದೆಲ್ಲ ಅಷ್ಟರೊಳಗೆ ಸತ್ತಿರುತ್ತದೆ,
ಬೇರೆಯವರ ಲೆಕ್ಕದಲ್ಲಿ.

ಇದನ್ನು ನಿನ್ನೆ ವಿಡಿಯೋ ಕಾಲಿನಲ್ಲಿ ಹೇಳಬೇಕಿತ್ತು,
ಫಂಡಿನ ಹುಡುಗ ನಿಹಾಲ್, ನನಗಿಂತ ಒಂಬತ್ತು ವರ್ಷ ಚಿಕ್ಕವನು,
ತುಂಬ ಮರ್ಯಾದೆಯಿಂದಲೇ
'ನಾವು ಈಗಲೂ ಅರ್ಲಿ ಸ್ಟೇಜೇ ಮೇಡಂ,
ತಿಂಗಳಿಗೆ ಹತ್ತು ಲಕ್ಷ ವಹಿವಾಟು ಆದಮೇಲೆ ಬನ್ನಿ' ಎಂದಾಗ.
ಹೇಳಲಿಲ್ಲ. ಶ್ಯೂರ್ ಎಂದೆ.
ಎರಡು ಸಲ ಎಂದೆ.

ಮೂರು ವರ್ಷದ ಕೆಳಗೆ ಬಂದವರ ಮಾತೇ ಬೇರೆ.
ಕಾಫಿ ಆರುವ ಮುಂಚೆ 'ಎಷ್ಟು ಬೇಕು' ಎಂದವರು,
ನಲವತ್ತು ಲಕ್ಷ ಎಂದರೆ
'ಇಷ್ಟು ಸಣ್ಣದಾಗಿ ಯೋಚಿಸಬೇಡಿ' ಎಂದು ನೊಂದುಕೊಂಡವರು.
ಏಳನೇ ಸ್ಲೈಡಿನಲ್ಲಿ ಮಾರುಕಟ್ಟೆ ಹನ್ನೆರಡು ಸಾವಿರ ಕೋಟಿ ಎಂದಿತ್ತು.
ಎಲ್ಲಿಂದ ಬಂತು ಆ ಸಂಖ್ಯೆ ಎಂದು ಅವರು ಕೇಳಲಿಲ್ಲ.
ಈಗ ರಾತ್ರಿ ಎರಡಕ್ಕೆ ನಾನೇ ಕೇಳಿಕೊಳ್ಳುತ್ತೇನೆ.

ಕೋಟಿ ಇರಲಿ.
ನಮ್ಮ ಯಂತ್ರ ತೂಗುತ್ತಿರುವುದು ಅರವತ್ಮೂರು ಹುಳುಮನೆಗಳಲ್ಲಿ.
ತೇವ ಇಳಿದರೆ ಫೋನು ಮಾಡುತ್ತದೆ, ಅಷ್ಟೇ ಅದರ ವಿದ್ಯೆ.
ನಲವತ್ತೊಂದು ನಿಜಕ್ಕೂ ಮಾಡುತ್ತವೆ.
ಚೀಮಂಗಲದಲ್ಲಿ ಒಂದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದಾರೆ.
ಬ್ಯಾಟರಿ ತೀರಿ ನಾಲ್ಕು ತಿಂಗಳು.
ತೆಗೆಯಲು ಬಿಡುತ್ತಿಲ್ಲ,
ಅದು ಬಂದಮೇಲೆ ಒಂದು ಬೆಳೆಯೂ ಕೆಟ್ಟಿಲ್ಲವಂತೆ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಮೊದಲ ದುಡ್ಡು ಯಾವ ಫಂಡಿನದೂ ಅಲ್ಲ,
ಮುನಿರತ್ನಮ್ಮತ್ತೆ ಚೀಟಿ ಕೂಗಿದ್ದು.
ಎರಡು ಲಕ್ಷದ ಚೀಟಿ, ಮೂರನೇ ತಿಂಗಳಿಗೇ,
ಮೂವತ್ತೆಂಟು ಸಾವಿರ ಬಿಟ್ಟು.
ನೋಟನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಕೊಟ್ಟು
'ಡಬ್ಬಿ ವಾಪಸ್ಸು ಕೊಡು' ಎಂದಳು. ಕರಾರು ಅದೊಂದೇ.
ಷೇರುದಾರರ ಪಟ್ಟಿಯಲ್ಲಿ ಅವಳ ಹೆಸರಿಲ್ಲ.
ಡಬ್ಬಿ ಇನ್ನೂ ನನ್ನ ಬಳಿಯೇ ಇದೆ,
ಅದರಲ್ಲಿ ಸ್ಕ್ರೂಗಳಿವೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ನನ್ನ ಪಾಲುದಾರ ತಬ್ರೇಜ್, ರೀಲರ್ ಮನೆಯ ಮಗ,
ಜಾಲರಿಯಿಂದ ಒಂದು ಗೂಡು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ.
ಒಳಗೆ ಟಕ್ ಎನ್ನಬೇಕು.
ಎನ್ನದಿದ್ದರೆ ಹುಳು ಕರಗಿದೆ, ನೂಲಿಗೆ ಕಲೆ.
'ಟಕ್ ಅಂದರೆ?' ಎಂದೆ.
'ಅಂದರೆ ಒಳ್ಳೆ ರೇಟು. ಆಮೇಲೆ ಬಿಸಿನೀರು.'
ಅವನು ನಕ್ಕ. ನನಗೆ ಮಾತ್ರ
ಇಡೀ ಮಧ್ಯಾಹ್ನ ಕಿವಿಯೊಳಗೆ ಏನೋ ಅಲ್ಲಾಡುತ್ತಿತ್ತು.

ಜ್ವರಕ್ಕೆ ಬಿದ್ದ ಹುಳು ತಿನ್ನುವುದಿಲ್ಲ,
ತಲೆ ಎತ್ತಿ ಕಲ್ಲಿನಂತೆ ನಿಂತಿರುತ್ತದೆ.
ಸಪ್ಪೆ ರೋಗದ ಹುಳುವೂ ತಿನ್ನುವುದಿಲ್ಲ.
ನುರಿತವರು ಬಣ್ಣ ನೋಡಿ ಹೇಳುತ್ತಾರೆ, ನನಗೆ ತಿಳಿಯದು.
ನಮ್ಮ ಯಂತ್ರಕ್ಕೂ ತಿಳಿಯದು
(ತಿಳಿಯುತ್ತದೆ ಎಂದು ಒಂಬತ್ತನೇ ಸ್ಲೈಡಿನಲ್ಲಿತ್ತು).
ಸುಣ್ಣದ ಪುಡಿ ಉದುರಿಸಿ, ಸೊಪ್ಪು ನಿಲ್ಲಿಸಿ,
ಮುಟ್ಟದೆ ಕಾಯಬೇಕು.
ಪೊರೆ ಬಿಟ್ಟು ಎದ್ದರೆ ಅದು ಜ್ವರ.
ಏಳದಿದ್ದರೆ ಅದಕ್ಕೆ ಬೇರೆ ಹೆಸರು.

ಖಾತೆಯಲ್ಲಿ ಐದು ತಿಂಗಳಿದೆ.
ತಬ್ರೇಜ್ ಸಂಬಳ ಬಿಟ್ಟರೆ ಏಳು.
ನಿಹಾಲನಿಗೆ ಉತ್ತರ ಬರೆಯುತ್ತಾ 'ಧನ್ಯವಾದ'ದಲ್ಲೇ ನಿಂತಿದ್ದೆ,
ಎರಡೂ ಹತ್ತಕ್ಕೆ ಫೋನು ಮಿನುಗಿತು:
ಹಂಡಿಗನಾಳ, ಮನೆ ಹದಿನೇಳು, ತೇವ ನಲವತ್ತೆಂಟು.
ಯಂತ್ರದ ಮಾತು ನಂಬದೆ ನಾನೇ ಕರೆ ಮಾಡಿದೆ.
ಎತ್ತಲಿಲ್ಲ. ಮತ್ತೆ ಮಾಡಿದೆ.
ಆ ಕಡೆ ಒಂದು ಹೆಂಗಸಿನ ದನಿ, ಹಿಂದೆ ಬಕೆಟ್ಟಿನ ಸದ್ದು:
'ಆಗಲೇ ಎದ್ದಿದೀವಿ, ಗೋಣಿ ನೆನೆಸ್ತಾ ಇದೀವಿ,
ನಿದ್ದೆಗೆಟ್ಟು ನೀನ್ಯಾಕಮ್ಮಾ ಬೇರೆ,
ಇಡು ಫೋನು.'