ಆರು ಹುಳ

"ಬ್ಯಾಟರಿ ಇಂದೋ ನಾಳೆಯೋ" ಅಂದ ನುಮಾಜಿರಿ,
ಮುರೋರಾನ್ ನಿಲ್ದಾಣದ ಹಿಂದೆ ವಾಚು ರಿಪೇರಿ ಮಾಡುವವ,
ಅಣ್ಣನ ಹಳೇ ಗೇಮಿನ ಹೊಟ್ಟೆ ಬಿಚ್ಚಿ.
"ಹೊಸದು ಕೂರಿಸ್ತೀನಿ. ಹಳೆಯದನ್ನು ಕಿತ್ತ ಗಳಿಗೆಗೆ
ಒಳಗಿರುವವರೆಲ್ಲ ಹೋಗ್ತಾರೆ."
ಒಳಗಿರುವವರು ಅಂದ. ಒಳಗಿರುವುದು ಅನ್ನಲಿಲ್ಲ.
"ನಾಳೆ ಹತ್ತಕ್ಕೆ ತಾ. ನಾಡಿದ್ದು ನನಗೆ ಮಂಡಿಯ ಆಪರೇಶನ್."

ಉಳಿಸುವ ದಾರಿ ಒಂದೇ:
ಇನ್ನೊಂದು ಗೇಮು, ನಡುವೆ ಒಂದು ಕೇಬಲ್ಲು.
ಆಚೆಯಿಂದ ಒಂದು ಬರಬೇಕಾದರೆ ಈಚೆಯಿಂದ ಒಂದು ಹೋಗಬೇಕು,
ಕೊಟ್ಟು ತರುವ ಸಂಬಂಧದ ಹಾಗೆ.
ಹಂದಿಯನ್ನು ಕಡ್ಡಿಗೆ ಚುಚ್ಚಿ ಸುಟ್ಟು
ಸುಟ್ಟ ಕೋಳಿ ಎಂದು ಹೆಸರಿಟ್ಟ ಊರು ನಮ್ಮದು;
ಅದನ್ನೇ ಕಚ್ಚುತ್ತ, ಸಾಸಿವೆಯ ಬೆರಳು ಗುಂಡಿಗೆ ತಾಗದ ಹಾಗೆ
ಮೊದಲ ಹುಲ್ಲುಗಾವಲಲ್ಲಿ ಅಡ್ಡಾಡಿದೆ.
ಹನ್ನೊಂದು ಹೊಡೆಯುವಷ್ಟರಲ್ಲಿ ಆರು ಹುಳ ಸಿಕ್ಕವು. ಆರೇ.
ಐದಕ್ಕೆ ಆಸ್ಪತ್ರೆಯ ಅಡುಗೆಮನೆ ಪಾಳಿ.

ಅಣ್ಣನಲ್ಲಿ ನೂರಾ ನಲವತ್ತಮೂರು.
ಹನ್ನೊಂದರ ಹುಡುಗ, ಐದಕ್ಷರ ಮಾತ್ರ ಹಿಡಿಸುವ ಜಾಗದಲ್ಲಿ
ನಮ್ಮ ಇಡೀ ಬೀದಿಯನ್ನು ತುರುಕಿದ್ದ.
ಎರಡು ಕೊಕ್ಕಿನ ಹಕ್ಕಿ, ಕ್ಷೌರದಂಗಡಿಯ ಹೆಂಗಸು.
ಸದಾ ತೂಕಡಿಸುವ ಬಂಡೆ, ಗಣಿತದ ಮೇಷ್ಟ್ರು.
ಹೊಗೆ ಕಾರುವ ಡ್ರ್ಯಾಗನ್ನಿಗೆ
ಅಪ್ಪನ ಉಕ್ಕಿನ ಕಾರ್ಖಾನೆಯ ಮೇಸ್ತ್ರಿಯ ಹೆಸರು, ಎಂಬತ್ತೊಂದನೇ ಮಟ್ಟ.
ಅವನೆದುರು ಅಪ್ಪ ತಲೆ ಬಗ್ಗಿಸುತ್ತಿದ್ದರು;
ಅಣ್ಣ ಅವನನ್ನು ಸೀಸೆಯೊಳಗೆ ಹಾಕಿ ಬಿರಡೆ ಒತ್ತಿದ್ದ.

ಫೋನು ಮಾಡಿದೆ. ತೊಮಕೊಮಾಯಿ ಬಂದರಲ್ಲಿ
ಕಾಗದದ ಸುರುಳಿ ಏರಿಸುತ್ತಿದ್ದ ಯಾಸುತಾಕಾ, ಗಾಳಿಯ ನಡುವೆ:
"ಅದಿನ್ನೂ ಇದೆಯಾ? ಬೆಂಕಿಗೊಂದು, ನೀರಿಗೊಂದು ಇಟ್ಕೋ.
ಹಾರೋದು ಒಂದಿರಲಿ. ಮೇಸ್ತ್ರಿ ಇದ್ರೆ ಸಾಕು ಕಣೆ,
ಮಿಕ್ಕಿದ್ದೆಲ್ಲ ಉಪ್ಪಿನಕಾಯಿ." ಇಟ್ಟುಬಿಟ್ಟ.

ಹಾಗಾಗಲಿಲ್ಲ.
ಹಕ್ಕಿಯನ್ನು ತಂದೆ, ಆಕೆ ನನ್ನ ಕೂದಲಿಗೆ
ಒಂದು ದಿನವೂ ದುಡ್ಡು ಕೇಳಲಿಲ್ಲವೆಂದು.
ಮೇಷ್ಟ್ರನ್ನು ತಂದೆ, ಕಾಳಗಕ್ಕೆ ಮೂರು ಕಾಸಿಗೂ ಬಾರದವರು.
ತೋಫು ಮಾರುತ್ತಿದ್ದ ಅಜ್ಜ ಕಪ್ಪೆಯಾಗಿದ್ದ. ನೀರಿನ ಜೀವ,
ಅಣ್ಣನ ಮಾತೂ ಒಂದಿಷ್ಟು ನಡೆದಂತಾಯಿತು.
ಎದುರುಮನೆಯ ಅವಳಿಗಳನ್ನು ಅಗಲಿಸಲಾರದೆ
ಎರಡು ಜಾಗ ಕಳೆದೆ.

ಉಳಿದದ್ದು ಒಂದು.
ಆಗ ಸಿಕ್ಕಿದ್ದು ನಾನು.
ಪೆಟ್ಟಿಗೆಗಳಲ್ಲಲ್ಲ, ಅವನು ಜತೆಗೊಯ್ಯುತ್ತಿದ್ದ ಆರರ ಸಾಲಿನ ತುದಿಯಲ್ಲಿ:
ಚಿಜುರು. ಬೆನ್ನಮೇಲೆ ದೀಪ ಹೊತ್ತ ಬಸವನಹುಳು,
ಎಂಬತ್ತರವರ ಪಕ್ಕ ಹನ್ನೆರಡನೇ ಮಟ್ಟ.
ಒಂಬತ್ತರ ನಾನು ಈ ಸಿಟ್ಟಿಗೇ
ಅವನ ಶೂಗಳೊಳಗೆ ಮೀನಿನ ತಲೆ ಇಟ್ಟಿದ್ದೆ.
ಒಮ್ಮೆಯೂ ಕಾದಿಲ್ಲ ಅದು. ಬಲ್ಲ ವಿದ್ಯೆ ಒಂದೇ,
ಗುಹೆಯೊಳಗೆ ಬೆಳಕು.
ಸೋತರೆ ಅನ್ನ ಬಿಡುತ್ತಿದ್ದ ಹುಡುಗ
ಆರರಲ್ಲೊಂದು ಜಾಗ ಇದಕ್ಕೆ ಬಿಟ್ಟುಕೊಟ್ಟು
ಇಡೀ ಆಟ ಆಡಿದ್ದ.

ಮೇಸ್ತ್ರಿಯೋ, ನಾನೋ.
ಮೇಸ್ತ್ರಿ ಈಗ ಕಿವಿ ಕೇಳದ ಮುದುಕ, ಮೂರನೇ ಮಹಡಿಯ ವಾರ್ಡು,
ನಾನು ಬೇಯಿಸಿದ ಗಂಜಿ ಕುಡಿದು
ಉಪ್ಪು ಸಾಲದು ಅಂತ ದಿನಾ ಚೀಟಿ ಕಳಿಸುತ್ತಾನೆ.
ಕಿಟಕಿಯಾಚೆ ಕಡಲ ಮಂಜು, ಕಾರ್ಖಾನೆಯ ಕೆಂಪು ಮಸಕು.
ಎರಡು ಗಂಟೆಗೆ ಫೋನು ಮಿನುಗಿತು:
"ದೀಪದ್ದನ್ನ ಮರೀಬೇಡ. ಮೂರನೇ ಊರು ದಾಟಿದ್ಮೇಲೆ ಗುಹೆ ಇದೆ."
ನಾನಾಗಲೇ ಗುಂಡಿ ಒತ್ತಿಯಾಗಿತ್ತು.
ಅವನಿಗೆ ಹೇಳಲಿಲ್ಲ.

ಹಳೇ ಪರದೆಯಲ್ಲಿ ಈಗ
ಸಂಜೆ ಹಿಡಿದ ಆರು ಹುಳ, ಎರಡನೇ ಮಟ್ಟ,
ಹೆಸರಿಡಲೂ ಪುರುಸೊತ್ತಾಗದವು,
ಅಣ್ಣ ಇಪ್ಪತ್ತೇಳು ವರ್ಷದ ಹಿಂದೆ ನಿಲ್ಲಿಸಿ ಹೋದ
ಶಿಖರದ ಬಾಗಿಲಲ್ಲಿ, ಮೇಸ್ತ್ರಿಯ ನೆರೆಯಲ್ಲಿ.
ಹತ್ತು ಗಂಟೆಯವರೆಗೆ.
ನಾಲ್ಕು ಹೆಜ್ಜೆ ನಡೆಸಿದೆ. ಅಲ್ಲಿ ಹಿಮ ಬೀಳುತ್ತಿತ್ತು,
ಒಂದೊಂದೇ ಚೌಕ ಚುಕ್ಕಿ.
ಕೋಣೆಯ ದೀಪ ಆರಿಸಿದೆ.
ಅದನ್ನು ಆರಿಸಲಿಲ್ಲ.