ಹೊಗೆ ತಿಂದದ್ದು

ಒಂಟಿಯಂಗಡಿಯವರೆಗೂ ಕೇಳುವ ಹಾಗೆ
ಜೋಡಿ ಗುಂಡು ಹಾರಿದಾಗ
ನಾನು ಯೋಚಿಸುತ್ತಿದ್ದದ್ದು ಸ್ಪ್ರಿಂಕ್ಲರ್ ಬಗ್ಗೆ.
ಕೆಳಗಿನ ತೋಟಕ್ಕೆ ಇವತ್ತು ನೀರು ಬೀಳದಿದ್ದರೆ
ಮೊಗ್ಗು ಕರಟುತ್ತದೆ.
ಯಾರಿಗೂ ಹೇಳಲಿಲ್ಲ.
ಹೇಳುವ ಮಾತೇ ಅದು?

ಚೋಂದಕ್ಕ ಬಂದು ಕತ್ತಿನ ಪತ್ತಾಕ್ ಬಿಚ್ಚಿದಳು.
ಕೊಂಡಿ ಬಿಗಿದುಕೊಂಡಿತ್ತು, ಮೂವತ್ತೊಂದು ವರ್ಷದ ಬೆವರು.
ಹಲ್ಲಿನಿಂದ ಕಚ್ಚಿ ತೆಗೆದಳು; ಅವಳ ಉಸಿರಿನಲ್ಲಿ ಏಲಕ್ಕಿ.
"ಅಳು ಮಗಳೇ," ಅಂದಳು ಕಿವಿಯಲ್ಲಿ,
"ನೋಡ್ತಿದ್ದಾರೆ."

ನೋಡ್ತಿದ್ದರು.
ವರಾಂಡದಿಂದ ಗೇಟಿನವರೆಗೆ ಬಿಳಿ ಸೀರೆಗಳ ಸಾಲು,
ಹಿಂದಕ್ಕೆ ನೆರಿಗೆ, ಮುಂದಕ್ಕೆ ಕಣ್ಣು.
ನನ್ನ ಕಣ್ಣೋ, ಮಾರ್ಚಿಯ ಕಾಫಿ ಕಣ.
ಮುಖಕ್ಕೆ ಸೆರಗೆಳೆದು ಭುಜ ಅಲ್ಲಾಡಿಸಿದೆ.
ಭುಜ ಅಲ್ಲಾಡಿಸುವುದು ಕಷ್ಟದ ಕೆಲಸ,
ನಿಜವಾಗಿ ಅಳುವವರಿಗೆ ಅದು ಗೊತ್ತಿರುವುದಿಲ್ಲ.

ಮಾದ ಕಳೆಯುವ ತನಕ ಮಾಂಸ ಇಲ್ಲ.
ಹಾಗಂತ ಯಾರೂ ಹೇಳಬೇಕಿಲ್ಲ,
ಈ ಮನೆಯ ಗೋಡೆಗೇ ಗೊತ್ತು.
ಬೇಳೆ ಸಾರು, ಸೌತೆ ಪಲ್ಯ, ಮತ್ತೆ ಬೇಳೆ ಸಾರು.
ಎರಡನೆಯ ದಿನ ನಾನೇ ಇನ್ನೊಂದು ಸಲ ಬಡಿಸಿಕೊಂಡೆ.
ದೇಚಮ್ಮ ತಟ್ಟೆ ನೋಡಿದಳು, ಆಮೇಲೆ ನನ್ನ ಮುಖ,
ಮತ್ತೆ ತಟ್ಟೆ.
"ತಿನ್ನಲಿ ಬಿಡಿ, ಪಾಪ," ಅಂದಳು ಪಕ್ಕದವಳಿಗೆ.
ಆ ಶಬ್ದಕ್ಕೆ ಎರಡು ಅರ್ಥ ಇರುವುದು
ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ಏನು ಮಾಡಲಿ, ಹಸಿವಾಗುತ್ತಿತ್ತು.
ಹೆರಿಗೆಯಾದ ಮೇಲೆ ಆಗಿತ್ತಲ್ಲ, ಅಂಥ ಹಸಿವು.
ನಾಟಿ ಮುಗಿಸಿ ಕೆಸರುಗಾಲಲ್ಲೇ ಕೂತು ಉಂಡ ಹಸಿವು.
ಮದುವೆಯಾದ ವರ್ಷ, ನಡುರಾತ್ರಿ,
ಮೈಯೆಲ್ಲ ಇನ್ನೂ ಬೆಚ್ಚಗಿರುವಾಗ
ಇಬ್ಬರೂ ಅಡುಗೆಮನೆಗೆ ನುಸುಳಿ
ಬಾಣಲೆಯಿಂದಲೇ ತಿಂದು, ಅತ್ತೆ ಕೆಮ್ಮಿದರೆ
ದೀಪ ಆರಿಸಿ, ಒಬ್ಬರ ಬಾಯಿ ಒಬ್ಬರು ಮುಚ್ಚಿ...

ಒಂಬತ್ತನೆಯ ರಾತ್ರಿ ಎದ್ದೆ.
ಹೊರಗೆ ಕಾಫಿ ಹೂ ಬಿಟ್ಟಿತ್ತು, ನಾಚಿಕೆಯಿಲ್ಲದ ಪರಿಮಳ,
ಕಿಟಕಿ ಮುಚ್ಚಿದರೂ ಒಳಗೆ.
ಅಂದರೆ ಅವತ್ತೇ ನೀರು ಹಾಯಿಸಿದ್ದಾನೆ ಮೈದುನ ಪೂಣಚ್ಚ.
ಅಣ್ಣನಿಗೆ ಹೆಗಲು ಕೊಡುವಾಗ
ಅವನೂ ಅದನ್ನೇ ಯೋಚಿಸುತ್ತಿದ್ದನೇ?

ಒಲೆಯ ಮೇಲಿನ ತಂತಿಯಲ್ಲಿ ಒಣಕ್ಕೆರ್ಚಿಯ ಸರ.
ಪುತ್ತರಿ ಕಳೆದ ಮೇಲೆ ಇವನೇ ಉಪ್ಪು ಅರಿಸಿನ ಸವರಿ
ದಬ್ಬಳದಲ್ಲಿ ಪೋಣಿಸಿ ಕಟ್ಟಿದ್ದು.
ಎಡಗೈಯವನ ಗಂಟು.
ಸೂತಕಕ್ಕೆ ಅಡುಗೆಮನೆ ತೊಳೆದವರು
ಹಂಡೆ, ಮಡಕೆ, ಒರಳು, ಎಲ್ಲ ತೊಳೆದರು.
ತಲೆಯೆತ್ತಿ ನೋಡಲಿಲ್ಲ.
ನೋಡಿಯೂ ಬಿಟ್ಟರೋ ಏನೋ.

ಸ್ಟೂಲು ಹತ್ತಿದೆ. ಐವತ್ತಾರರ ಮೊಣಕಾಲು.
ಗಂಟು ಬಿಚ್ಚಲು ಬರಲಿಲ್ಲ.
ಹಲ್ಲಿನಿಂದ ಕಡಿದೆ, ಚೋಂದಕ್ಕ ಕೊಂಡಿ ಕಡಿದ ಹಾಗೆ.
ಸುಡಲಿಲ್ಲ, ಹುರಿಯಲಿಲ್ಲ,
ಕಾಚಂಪುಳಿಯ ಬಾಟಲಿಗೆ ಕೈ ಹಾಕಲಿಲ್ಲ.
ಕಲ್ಲಿನಂಥ ತುಂಡು.
ದವಡೆಗೆ ಒತ್ತಿಕೊಂಡು ಕತ್ತಲಲ್ಲಿ ನಿಂತೆ.
ಮೊದಲು ಹೊಗೆ ಬಂತು,
ಆಮೇಲೆ ಉಪ್ಪು,
ಆಮೇಲೆ ಅವನ ಕೈ.

ಆಗ ಶುರುವಾಯಿತು.
ಅದು ಅಳು ಅಂತ ನನಗೇ ಗೊತ್ತಾಗಲಿಲ್ಲ;
ಉರುಳಿಗೆ ಬಿದ್ದ ಹಂದಿಯ ಸದ್ದು,
ಹೊಟ್ಟೆಯಿಂದ, ಬಾಯಿ ತುಂಬ ಮಾಂಸವಿಟ್ಟುಕೊಂಡು,
ಸ್ಟೂಲು ಅಲ್ಲಾಡುವಷ್ಟು.
ಭುಜದ ಬಗ್ಗೆ ಯೋಚಿಸಲೇ ಇಲ್ಲ.

ಒಳಕೋಣೆಗಳಲ್ಲಿ ಲೈಟು ಹತ್ತಿದವು.
ಬಾಗಿಲ ಆಚೆ ಚಾಪೆ ಸರಿಯಿತು, ಬಳೆ, ಪಿಸುಮಾತು.
"ಅಂತೂ ಅತ್ತಳಪ್ಪ," ದೇಚಮ್ಮನ ದನಿ.
"ಎದೆ ಹಗುರಾಗಲಿ. ಯಾರೂ ಒಳಗೆ ಹೋಗಬೇಡಿ."

ಬರಲಿಲ್ಲ. ಒಳ್ಳೆಯ ಜನ.
ನಾನು ನುಂಗಿದೆ.
ಇನ್ನೊಂದು ತುಂಡು ಕಡಿದೆ.